ಆರನೇ ಪ್ರಶ್ನೆ

ನನ್ನ ತಂಗಿಗೆ ಸುಳ್ಳು ಹೇಳುವುದನ್ನು ಕಲಿಸಿದವಳು ನಾನೇ. ಇದರಲ್ಲಿ ಬೇರೆ ಯಾರ ಮೇಲೂ ಗೂಬೆ ಕೂರಿಸುವುದಿಲ್ಲ. ಬೇರೆಯವರ ತಪ್ಪುಗಳೂ ನನಗೆ ಬೇಕಾದಷ್ಟು ಗೊತ್ತು, ಕೂತು ಕೇಳುವವರಿದ್ದರೆ ದಿನವಿಡೀ ಹೇಳುತ್ತೇನೆ. ಆದರೆ ಇದು ಮಾತ್ರ ನನ್ನ ಕೈಯಾರೆ ಆದ ಕೆಲಸ. ಚೆನ್ನಾಗಿಯೇ ಕಲಿಸಿದೆ, ಅವಳೂ ಚೆನ್ನಾಗಿಯೇ ಕಲಿತಳು. ಏಳರ ಮಗ್ಗಿಯಲ್ಲಿ ಇಂದಿಗೂ ಎಡವುವ ಹುಡುಗಿ, ನಾನು ಹೇಳಿಕೊಟ್ಟದ್ದರಲ್ಲಿ ಐದು ವರ್ಷ ಒಂದಕ್ಷರ ತಪ್ಪಲಿಲ್ಲ.

ಅವಳನ್ನು ಚಿಟಿಕೆ ಎಂದು ಕರೆಯುತ್ತೇನೆ. ಹುಟ್ಟಿದಾಗ ಅಷ್ಟೇ ಇದ್ದಳೆಂದು ಅಮ್ಮ ಕರೆದದ್ದು, ಹಾಗೇ ಉಳಿಯಿತು. ಅಮ್ಮ ತೀರಿಕೊಂಡಾಗ ಅವಳಿಗೆ ಆರು ವರ್ಷ, ನನಗೆ ಹನ್ನೆರಡು. ಅಪ್ಪ ಅದಕ್ಕೂ ಎಷ್ಟೋ ಮೊದಲೇ ಸಿಗರೇಟು ತರುತ್ತೇನೆಂದು ಹೋದವನು ಇನ್ನೂ ತರುತ್ತಲೇ ಇದ್ದಾನೆ. ಮಕ್ಕಳ ಕಚೇರಿಯವರು ನಮ್ಮಿಬ್ಬರನ್ನೂ ಒಂದು ಸಾಕುಮನೆಗೆ ಕೊಟ್ಟರು. ಸಾಕುಮನೆ ಎಂದರೆ ಯಾರದೋ ಮನೆ, ಯಾರದೋ ಸಂಸಾರ, ಅದರ ಒಂದು ಮೂಲೆಯಲ್ಲಿ ನಮ್ಮ ಹಾಸಿಗೆ.

ಆ ಮನೆಯಾಕೆ ಸಂಜೆ ನಾಲ್ಕಕ್ಕೆ ಅಡುಗೆಮನೆಗೆ ಬೀಗ ಹಾಕುತ್ತಿದ್ದಳು. ಚಿಟಿಕೆ ಹಾಸಿಗೆ ಒದ್ದೆ ಮಾಡಿಕೊಂಡ ದಿನ, ಆ ಒದ್ದೆ ಬಟ್ಟೆಯನ್ನೇ ತಲೆಯ ಮೇಲೆ ಹೊದಿಸಿ ಶಾಲೆಗೆ ಹೊತ್ತಾಗುವ ತನಕ ಬಾಗಿಲಲ್ಲಿ ನಿಲ್ಲಿಸುತ್ತಿದ್ದಳು. ತಿಂಗಳಿಗೊಮ್ಮೆ ಕಚೇರಿಯಿಂದ ಕೇಸಿನ ಮೇಡಂ ಬರುತ್ತಿದ್ದರು. ಒಂದು ಸಲ ಅವರು ನನ್ನನ್ನು ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈಯಿಟ್ಟು, ಹೆದರಬೇಡ, ನಿಜ ಹೇಳು ಎಂದರು. ಆ ದನಿ ಎಷ್ಟು ಮೆತ್ತಗಿತ್ತೆಂದರೆ ನಾನು ಕರಗಿಹೋದೆ. ಬೀಗ, ಒದ್ದೆ ಬಟ್ಟೆ, ಕೆನ್ನೆಗೆ ಬಿದ್ದ ಏಟು, ಎಲ್ಲವನ್ನೂ ಕಕ್ಕಿಬಿಟ್ಟೆ. ಮೇಡಂ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ನಾವು ಗೆದ್ದೆವು ಎಂದುಕೊಂಡೆ.

ಮೂರನೇ ದಿನ ಕಾರು ಬಂತು. ನಮ್ಮ ಬಟ್ಟೆಬರೆಗಳನ್ನು ಎರಡು ಕಪ್ಪು ಕಸದ ಚೀಲಗಳಲ್ಲಿ ತುಂಬಿಕೊಟ್ಟರು. ನಮ್ಮಂಥವರ ಸಾಮಾನು ಹೋಗುವುದು ಯಾವಾಗಲೂ ಕಸದ ಚೀಲದಲ್ಲೇ, ಕೇಳಿದರೆ ಬೇರೆ ಚೀಲ ಇರುವುದೇ ಇಲ್ಲ. ಒಂದು ಗೇಟಿನ ಮುಂದೆ ಕಾರು ನಿಂತಾಗ ಮೇಡಂ, ನೀನು ಮಾತ್ರ ಇಳಿಯಮ್ಮ ಎಂದರು. ಇಬ್ಬರನ್ನು ಒಟ್ಟಿಗೆ ಇಟ್ಟುಕೊಳ್ಳುವ ಮನೆ ಸಿಗಲಿಲ್ಲವಂತೆ. ಚಿಟಿಕೆಗೆ ಏನೂ ಅರ್ಥವಾಗಲಿಲ್ಲ. ಅಕ್ಕ ಬಚ್ಚಲಿಗೆ ಹೋಗಿ ಬರುತ್ತಾಳೆ ಅಂದುಕೊಂಡು, ನನ್ನ ಜಾಗದಲ್ಲಿ ಯಾರೂ ಕೂರಬಾರದೆಂದು ತನ್ನ ಚೀಲವನ್ನು ಅಲ್ಲಿಗೆ ಎಳೆದಿಟ್ಟುಕೊಂಡಳು. ಕಾರು ಹಾಗೇ ಹೊರಟುಹೋಯಿತು.

ನಿಜ ಹೇಳಿದ್ದಕ್ಕೆ ಸಿಕ್ಕ ಫಲ ಅದು.

ಆ ಗೇಟಿನ ಒಳಗಿದ್ದದ್ದು ಬಾಲಕಿಯರ ಗೃಹ. ಮನೆಯಲ್ಲ ಎಂಬುದನ್ನು ನಾವು ಮರೆಯಬಾರದೆಂದೇ ಗೃಹ ಎಂದು ಹೆಸರಿಟ್ಟಿರಬೇಕು. ಒಂದು ಕೋಣೆಗೆ ಎಂಟು ಮಂಚ, ಬಾಗಿಲಿಲ್ಲದ ಎಂಟು ಕಪಾಟು, ನಂಬರು ಬರೆದ ಎಂಟು ಲೋಟ. ನನ್ನದು ಐದು. ಮೇಲ್ವಿಚಾರಕಿಯ ಸೊಂಟದಲ್ಲಿ ಸದಾ ಕೀಲಿಗೊಂಚಲು ನೇತಾಡುತ್ತಿದ್ದುದರಿಂದ ಅವಳಿಗೆ ನಾವು ಇಟ್ಟ ಹೆಸರು ಬೀಗದಕೈ. ಪಕ್ಕದ ಮಂಚದ ಹುಡುಗಿಯ ಹೆಸರು ಪೋಸ್ಟು. ಬಾಯಿ ಸುಮ್ಮನಿರದೆ ಹೋದಲ್ಲೆಲ್ಲ ದೂರು ಹೇಳಿ ಹೇಳಿ ಹನ್ನೊಂದು ವಿಳಾಸ ಸುತ್ತಿ ಬಂದಿದ್ದಳು. ಅವಳ ತಮ್ಮ ಯಾವ ಊರಿನಲ್ಲಿದ್ದಾನೆಂದು ಅವಳಿಗೂ ಗೊತ್ತಿರಲಿಲ್ಲ, ಕಚೇರಿಗೂ ಗೊತ್ತಿರಲಿಲ್ಲ. ಚಿಟಿಕೆ ಇದೇ ಊರಿನ ಇನ್ನೊಂದು ತುದಿಯ ಸಾಕುಮನೆಯಲ್ಲಿದ್ದಳು, ತಿಂಗಳಿಗೊಮ್ಮೆ ಕಚೇರಿಯ ಭೇಟಿ ಕೋಣೆಯಲ್ಲಿ ಒಂದು ಗಂಟೆ ಸಿಗುತ್ತಿದ್ದಳು. ಅವಳೂ ಬಾಯಿಬಿಟ್ಟರೆ ಅವಳನ್ನೂ ಎಲ್ಲಿಗೋ ಸಾಗಿಸುತ್ತಾರೆ, ಆಮೇಲೆ ಆ ಒಂದು ಗಂಟೆಯೂ ಇಲ್ಲ. ಅಷ್ಟೇ ನನ್ನ ಲೆಕ್ಕ.

ಹಾಗಾಗಿ ಆಫೀಸರ್ ಆಟ ಶುರು ಮಾಡಿದೆ. ಭೇಟಿ ಕೋಣೆಯಲ್ಲಿ ಚಿಕ್ಕ ಮಕ್ಕಳಿಗೆಂದು ಇಟ್ಟ ಎರಡು ಗಿಡ್ಡ ಕುರ್ಚಿ, ಚಕ್ರ ಕಿತ್ತುಹೋದ ಒಂದು ಆಟದ ಬಸ್ಸು, ಎತ್ತರದಲ್ಲಿ ಒಂದು ಗಡಿಯಾರ. ನಾನು ಕಾಲ ಮೇಲೆ ಕಾಲು ಹಾಕಿ, ಇಲ್ಲದ ಕನ್ನಡಕವನ್ನು ಮೂಗಿಗೇರಿಸಿ ಕೂರುತ್ತಿದ್ದೆ. ಚಿಟಿಕೆ ಕೈಕಟ್ಟಿ ಎದುರು ಕೂರುತ್ತಿದ್ದಳು. ಊಟ ಸರಿಯಾಗಿ ಕೊಡ್ತಾರಾ? ಕೊಡ್ತಾರೆ. ಯಾರಾದ್ರೂ ಹೊಡೀತಾರಾ? ಇಲ್ಲ. ಶಾಲೆ ಇಷ್ಟಾನಾ? ಇಷ್ಟ. ಯಾರನ್ನಾದ್ರೂ ನೆನೆಸ್ಕೊಂಡು ಅಳ್ತೀಯಾ? ಇಲ್ಲ. ಬೇರೆ ಕಡೆ ಹೋಗ್ಬೇಕು ಅನ್ಸುತ್ತಾ? ಇಲ್ಲ, ಇಲ್ಲೇ ಇರ್ತೀನಿ.

ಐದಾದ ಮೇಲೆ ಆರನೆಯದು. ಅದರಲ್ಲೇ ನಾನು ಬಿದ್ದದ್ದು, ಹಾಗಾಗಿ ಅದನ್ನು ಅರೆದು ಕುಡಿಸಿದೆ. ಮುಂದೆ ಬಾಗಿ, ಅವಳ ಹೆಗಲ ಮೇಲೆ ಕೈಯಿಟ್ಟು, ಬೆಣ್ಣೆಯಂಥ ದನಿಯಲ್ಲಿ ಕೇಳುತ್ತಿದ್ದೆ.

"ಹೆದರ್ಬೇಡ ಪುಟ್ಟ, ನಿಜ ಹೇಳು."

"ನಿಜವಾಗ್ಲೂ ಚೆನ್ನಾಗಿದೀನಿ. ಇಲ್ಲೇ ಇರ್ತೀನಿ."

ಹೇಳುವಾಗ ನಗಬೇಕು, ಆದರೆ ಹಲ್ಲು ಕಿರಿಯಬಾರದು. ನೆಲ ನೋಡಬಾರದು. ಮೊದಮೊದಲು ಆರನೆಯದಕ್ಕೆ ಅವಳ ತುಟಿ ನಡುಗುತ್ತಿತ್ತು. ನಾನು ಬಿಡಲಿಲ್ಲ. ಇದು ಗಾಳ ಕಣೆ, ಮೀನಿಗೆ ಹಾಕುವ ಗಾಳ, ನಿಜ ಹೇಳು ಎಂದು ಯಾರೇ ಹೇಳಲಿ, ಆಫೀಸರೇ ಹೇಳಲಿ, ಪೊಲೀಸೇ ಹೇಳಲಿ, ನಾನೇ ಬಂದು ಹೇಳಲಿ, ಇದೇ ಉತ್ತರ ಕೊಡಬೇಕು ಎಂದು ಕಲಿಸಿದೆ. ಆರಕ್ಕೆ ಆರೂ ಸರಿ ಹೇಳಿದರೆ ಒಂದು ಮಿಠಾಯಿ. ತಪ್ಪಿದರೆ ಇಲ್ಲ. ಏಳು ವರ್ಷದ ಮಗುವಿನ ಚಾಚಿದ ಅಂಗೈಯನ್ನು ಬರಿದೇ ಹಿಂದಕ್ಕೆ ಕಳಿಸಿದ್ದೇನೆ ನಾನು. ಕಲ್ಲೆದೆ ಬೇಕು ಅದಕ್ಕೆ. ಇತ್ತು.

ಫಲ ಕೊಟ್ಟಿತು. ಐದು ವರ್ಷ ಅವಳನ್ನು ಈ ಊರಿನಿಂದ ಯಾರೂ ಕದಲಿಸಲಿಲ್ಲ. ಅವಳನ್ನು ಇಟ್ಟುಕೊಂಡಿದ್ದ ಸಾಕುಮನೆಯವರು ವಯಸ್ಸಾಯಿತೆಂದು ಬಿಟ್ಟುಕೊಟ್ಟಾಗ ಇನ್ನೊಂದು ಮನೆ, ಅದೂ ಹತ್ತು ನಿಮಿಷದ ದೂರದಲ್ಲಿ. ಕೇಸಿನ ಮೇಡಂಗಳು ಬದಲಾಗುತ್ತ ಹೋದರು, ಎಲ್ಲರ ಕಡತದಲ್ಲೂ ಒಂದೇ ಮಾತು: ಮಗು ಹೊಂದಿಕೊಂಡಿದೆ, ಸಂತೋಷವಾಗಿದೆ. ಅವರು ಅದನ್ನು ಓದಿ ಹೇಳಿದಾಗ ನನಗೆ ಹೆಮ್ಮೆಯಾಗುತ್ತಿತ್ತು ಎಂದರೆ ನೀವು ಉಗಿಯಬಹುದು. ಉಗಿಯಿರಿ.

ಮಗು ಎಷ್ಟು ಸಂತೋಷವಾಗಿತ್ತೆಂದು ನನಗೆ ಗೊತ್ತಿತ್ತು. ಈ ಹೊಸ ಸಾಕುಮನೆಯಲ್ಲಿ ಅವಳಿ ಮಕ್ಕಳು ಹುಟ್ಟಿದ ಮೇಲೆ ಚಿಟಿಕೆ ಅವುಗಳ ಆಯಾ ಆದಳು. ವಾರಕ್ಕೆ ಎರಡು ಮೂರು ದಿನ ಶಾಲೆಯಿಲ್ಲ, ಹುಷಾರಿಲ್ಲ ಎಂದು ಮನೆಯವರೇ ಚೀಟಿ ಬರೆದುಕೊಡುತ್ತಿದ್ದರು. ಮಲಗುವುದು ಬಟ್ಟೆ ಒಗೆಯುವ ಯಂತ್ರದ ಪಕ್ಕ. ಹಾಲು ಕಾಯಿಸುವಾಗ ಸುಟ್ಟ ಗುರುತು ಮಣಿಕಟ್ಟಿನ ಮೇಲಿತ್ತು. ಏನಾದರೂ ಒಡೆದರೆ ಬಾಲ್ಕನಿಗೆ ತಳ್ಳಿ ಚಿಲಕ, ಎಷ್ಟು ಹೊತ್ತು ಎಂದು ಕೇಳಿದರೆ ಗೊತ್ತಿಲ್ಲ, ಚಳಿಯಾಗುವಷ್ಟು ಎನ್ನುತ್ತಿದ್ದಳು. ಭೇಟಿ ಕೋಣೆಯಲ್ಲಿ ಬಿಸ್ಕತ್ತು ಕೊಟ್ಟರೆ ಅರ್ಧ ತಿಂದು, ಅರ್ಧವನ್ನು ಕಾಗದದಲ್ಲಿ ಸುತ್ತಿ ಕಾಲುಚೀಲದೊಳಗೆ ಸೇರಿಸುತ್ತಿದ್ದಳು. ಯಾವಾಗ ಹೀಗೆ ಮಾಡ್ತೀಯ ಎಂದು ಒಮ್ಮೆ ಕೇಳಿದ್ದೆ. ಆಮೇಲೆ ಸಿಗಲ್ಲ ಅಂತ ಗೊತ್ತಾದಾಗ ಎಂದಳು, ಅದೇನು ದೊಡ್ಡ ವಿಷಯವೇ ಅಲ್ಲ ಎಂಬಂತೆ. ನಾನೂ ಯಾರಿಗೂ ಹೇಳಲಿಲ್ಲ. ಹದಿನೆಂಟಾಗುವ ತನಕ ಹಲ್ಲು ಕಚ್ಚಿಕೊಂಡಿರೋಣ, ಆಮೇಲೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅವಳಿಗೂ ಹೇಳಿದೆ, ನನಗೂ ಹೇಳಿಕೊಂಡೆ.

ಹದಿನೇಳಕ್ಕೆ ನನಗೆ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ನೆಲಮಾಳಿಗೆ, ಹಬೆ, ಮೂರು ಆಳುದ್ದದ ಇಸ್ತ್ರಿ ಉರುಳೆ. ಒಂದು ಕಡೆಯಿಂದ ಒದ್ದೆ ಹಾಸುಬಟ್ಟೆ ತಳ್ಳಿದರೆ ಇನ್ನೊಂದು ಕಡೆಯಿಂದ ಗರಿಗರಿಯಾಗಿ ಬರುತ್ತದೆ, ಇಬ್ಬರು ನಾಲ್ಕು ಮೂಲೆ ಹಿಡಿದು ಮಡಿಸಬೇಕು. ಗೃಹದ ಹುಡುಗಿಯರು ನನಗೆ ಇಸ್ತ್ರಿ ಎಂದು ಹೆಸರಿಟ್ಟರು. ನನ್ನ ಜೊತೆ ಮೂಲೆ ಹಿಡಿಯುತ್ತಿದ್ದ ಹಿರಿಯ ಹೆಂಗಸನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ತನ್ನ ಮನೆಯ ಮೇಲಿನ ಕೋಣೆ ಖಾಲಿಯಿದೆ, ಎರಡು ಮಂಚ ಹಿಡಿಸುತ್ತದೆ, ಶಾಲೆಯೂ ಹತ್ತಿರ ಎಂದು ಅವಳೇ ಹೇಳಿದಳು. ಹೋಗಿ ನೋಡಿದೆ. ಒಂದು ಕಿಟಕಿ, ಒಂದು ಒಲೆ, ಒಳಗಿನಿಂದ ಹಾಕುವ ಚಿಲಕ. ಚಿಲಕವನ್ನು ಹತ್ತು ಸಲವಾದರೂ ಹಾಕಿ ತೆಗೆದೆ.

ನನಗೆ ಹದಿನೆಂಟು ತುಂಬಲು ಎರಡು ತಿಂಗಳಿರುವಾಗ ಸುದ್ದಿ ಬಂತು. ಚಿಟಿಕೆಯ ಸಾಕುಮನೆಯ ಯಜಮಾನನಿಗೆ ವರ್ಗವಾಗಿದೆ, ರೈಲಿನಲ್ಲಿ ಎರಡು ದಿನದ ದಾರಿಯ ಊರಿಗೆ. ಚಿಟಿಕೆಯನ್ನೂ ಕರೆದುಕೊಂಡು ಹೋಗಲು ಕಾಯಂ ಆದೇಶ ಕೇಳಿದ್ದಾರೆ. ಕೇಳದೆ ಏನು, ಸಂಬಳವಿಲ್ಲದ ಆಯಾ ಮತ್ತೆಲ್ಲಿ ಸಿಗಬೇಕು?

ಆಗ ಇದ್ದ ಕೇಸಿನ ಮೇಡಂ ಹೊಸಬರು, ವಯಸ್ಸಿನಲ್ಲಿ ನನಗಿಂತ ಹೆಚ್ಚೇನೂ ದೊಡ್ಡವರಲ್ಲ, ಇನ್ನೂ ಸುಸ್ತಾಗಿರಲಿಲ್ಲ. ತಂಗಿಯನ್ನು ನನಗೇ ಕೊಡಿ ಎಂದು ನನ್ನ ಕೈಯಲ್ಲಿ ಅರ್ಜಿ ಬರೆಸಿದರು. ಕೆಲಸ ಇದೆ, ಕೋಣೆ ಇದೆ, ಅಜ್ಜಿಯ ಪತ್ರ ಇದೆ. ಇನ್ನು ಬೇಕಾದದ್ದು ಒಂದೇ, ನ್ಯಾಯಾಧೀಶರು ಮಗುವನ್ನು ಒಬ್ಬಳನ್ನೇ ಕೂರಿಸಿಕೊಂಡು ಅವಳ ಇಷ್ಟವನ್ನು ಕೇಳುತ್ತಾರೆ, ಹನ್ನೊಂದು ದಾಟಿದ ಮಕ್ಕಳ ಮಾತಿಗೆ ತುಂಬ ಬೆಲೆ ಎಂದರು. ಒಂದೇ ಒಂದು ನಿಯಮ: ವಿಚಾರಣೆ ಮುಗಿಯುವ ತನಕ ಈ ವಿಷಯ ಮಗುವಿನ ಜೊತೆ ಎತ್ತಕೂಡದು. ಭೇಟಿಯಾದರೆ ಪಕ್ಕದಲ್ಲಿ ಒಬ್ಬರು ಕೂತಿರುತ್ತಾರೆ. ಹೇಳಿಕೊಟ್ಟ ಹಾಗೆ ಕಂಡರೆ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ.

ನಾನು ಖುಷಿಯಲ್ಲಿ ತಲೆಯಾಡಿಸಿದೆ. ನನ್ನ ತಂಗಿಗೆ ನನ್ನ ಜೊತೆ ಬರುವ ಇಷ್ಟ ಇದೆಯೋ ಇಲ್ಲವೋ ಎಂಬುದನ್ನೂ ಯಾರಾದರೂ ಹೇಳಿಕೊಡಬೇಕೇ? ಪೇಟೆಗೆ ಹೋಗಿ ಅವಳಿಗೊಂದು ಚೀಲ ಕೊಂಡುತಂದೆ. ನೀಲಿ ಬಣ್ಣ, ಎರಡು ಚಕ್ರ, ಎಳೆಯುವ ಹಿಡಿ. ಇನ್ನು ಅವಳ ಬಟ್ಟೆ ಕಸದ ಚೀಲದಲ್ಲಿ ಹೋಗುವುದಿಲ್ಲ ಎಂದುಕೊಂಡು ಅದನ್ನು ಐದನೇ ಮಂಚದ ಕೆಳಗೆ ಇಟ್ಟೆ.

ನನ್ನ ದಡ್ಡತನವನ್ನು ಕಂಡುಹಿಡಿದವಳು ಬೀಗದಕೈ. ಆ ಚೀಲವನ್ನು ನೋಡಿ, ವಿಚಾರಣೆಯಲ್ಲಿ ಮಗುವಿಗೆ ಏನೇನು ಕೇಳುತ್ತಾರಂತೆ ಎಂದು ವಿಚಾರಿಸಿದಳು. ಇನ್ನೇನು, ಊಟ, ಶಾಲೆ, ಹೊಡೀತಾರಾ, ಬೇರೆ ಕಡೆ ಹೋಗ್ತೀಯಾ ಎಂದು ಹೇಳುತ್ತ ಹೋದವಳು ಅಲ್ಲೇ ನಿಂತುಬಿಟ್ಟೆ. ಅವೇ ಆರು ಪ್ರಶ್ನೆ. ಅದೇ ಮೆತ್ತನೆ ದನಿ. ಅವಳ ಉತ್ತರ ನನಗೆ ಬಾಯಿಪಾಠ ಬರುತ್ತಿತ್ತು.

ವಿಚಾರಣೆಗೆ ವಾರವಿರುವಾಗ ಕೊನೆಯ ಭೇಟಿ. ಪಕ್ಕದಲ್ಲಿ ಕಚೇರಿಯ ಒಬ್ಬ ಹೆಂಗಸು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದಳು, ನಾವು ಸೀನಿದರೂ ಬರೆದುಕೊಳ್ಳುವ ಜಾತಿ. ಒಂದು ಗಂಟೆ ಏನೇನೋ ಹರಟಿದೆವು. ಗಡಿಯಾರದ ಮುಳ್ಳು ಓಡುತ್ತಿತ್ತು. ಹೊರಡುವ ಹೊತ್ತಿಗೆ ಚಿಟಿಕೆಯ ಬೂಟಿನ ದಾರ ಬಿಚ್ಚಿಕೊಂಡಿತ್ತು. ಕಟ್ಟುವ ನೆಪದಲ್ಲಿ ಬಗ್ಗಿ, ತುಟಿ ಅಲ್ಲಾಡಿಸದೆ ಪಿಸುಗುಟ್ಟಿದೆ.

"ಈ ಸಲ ನಿಜ ಹೇಳು, ಚಿಟಿಕೆ."

ಅವಳ ಕಣ್ಣು ಮಿನುಗಿತು. ಅಷ್ಟೇ ಮೆಲ್ಲಗೆ ಅವಳೂ ಪಿಸುಗುಟ್ಟಿದಳು.

"ನಿಜವಾಗ್ಲೂ ಚೆನ್ನಾಗಿದೀನಿ. ಇಲ್ಲೇ ಇರ್ತೀನಿ."

ಹೇಳಿ, ಪುಸ್ತಕದ ಹೆಂಗಸಿಗೆ ಕಾಣದ ಹಾಗೆ ಅಂಗೈ ಚಾಚಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಆ ಹೆಂಗಸು ಏನದು ಗುಸುಗುಸು ಎಂದು ಎದ್ದು ನಿಂತಳು. ದಾರ ಬಿಗಿಯಾಯ್ತಾ ಅಂತ ಕೇಳಿದೆ ಅಷ್ಟೇ ಎಂದೆ. ಚಿಟಿಕೆ ಬಾಗಿಲಾಚೆ ಹೋಗುವಾಗ ಹಿಂತಿರುಗಿ ಮುಖ ಊದಿಸಿದಳು, ಮಿಠಾಯಿ ಕೊಡಲಿಲ್ಲವೆಂದು.

ಆ ಸಂಜೆ ಬೀಗದಕೈ ನನ್ನನ್ನು ಗೃಹದ ಅಡುಗೆಮನೆಯಲ್ಲಿ ಕೂರಿಸಿ, ಎದುರು ಟೀ ಇಟ್ಟಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಮುಂದೆ ಅತ್ತೆ. ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಕೀಲಿಗೊಂಚಲನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟಳು.

"ನೋಡೇ, ಮಗೂಗೆ ನೀನು ಹೇಳೋ ಹಾಗಿಲ್ಲ. ಆದ್ರೆ ಜಡ್ಜ್ ಮೇಡಂಗೆ ಹೇಳ್ಬಾರ್ದು ಅಂತ ಯಾರೂ ಹೇಳಿಲ್ವಲ್ಲ" ಎಂದಳು. "ಮೊದ್ಲು ನಿನ್ನನ್ನೇ ಕರೀತಾರೆ. ಮಗು ಒಳಗೆ ಹೋಗೋಕೆ ಮುಂಚೆ ಆಟದ ವಿಷಯ ಪೂರ್ತಿ ಬಾಯಿಬಿಟ್ಟು ಹೇಳ್ಬಿಡು. ಆಮೇಲೆ ಹೇಳಿದ್ರೆ ಯಾರೂ ನಂಬಲ್ಲ."

ಅದೊಂದೇ ದಾರಿ ಎಂದು ನನಗೂ ಹೊಳೆಯಿತು. ಏಳು ದಿನ ಉರುಳೆಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಎಂದು ಜೋರಾಗಿಯೇ ಹೇಳುತ್ತಿದ್ದೆ: ಮೇಡಂ, ನನ್ನ ತಂಗಿ ಹೇಳೋದು ಅವಳ ಮಾತಲ್ಲ, ನಾನು ಕಲಿಸಿದ್ದು. ಆ ಮನೆ ಸರಿಯಿಲ್ಲ. ಅವಳ ಮಣಿಕಟ್ಟು ನೋಡಿ, ಕಾಲುಚೀಲ ನೋಡಿ. ನಾಲ್ಕನೇ ದಿನ ಹದಿನೆಂಟು ತುಂಬಿತು. ಗೃಹದಲ್ಲಿ ಐದನೇ ಲೋಟವನ್ನು ಇನ್ನೊಬ್ಬಳಿಗೆ ಕೊಟ್ಟರು, ನನ್ನ ಬಟ್ಟೆಗಳಿಗೆ ಒಂದು ಕಪ್ಪು ಚೀಲ ಕೊಟ್ಟರು, ಅದನ್ನು ಹೊತ್ತು ಅಜ್ಜಿಯ ಮೇಲಿನ ಕೋಣೆಗೆ ಬಂದೆ. ನೀಲಿ ಚೀಲದಲ್ಲಿ ನನ್ನದೇನನ್ನೂ ಹಾಕಲಿಲ್ಲ.

ವಿಚಾರಣೆಯ ಬೆಳಿಗ್ಗೆ ಹೋಟೆಲಿನ ಉರುಳೆಯಲ್ಲೇ ಒತ್ತಿದ ಅಂಗಿ ತೊಟ್ಟು, ಜೇಬಿನಲ್ಲಿ ಒಂದು ಮಿಠಾಯಿ ಇಟ್ಟುಕೊಂಡು, ಚೀಲ ಎಳೆದುಕೊಂಡು ಹೋದೆ. ನ್ಯಾಯಾಧೀಶೆಯ ಕೋಣೆ ನಾನು ಹೆದರಿದಷ್ಟು ದೊಡ್ಡದಿರಲಿಲ್ಲ. ಒಂದು ಮೇಜು, ಗಾಜಿನ ಲೋಟದಲ್ಲಿ ಬಣ್ಣದ ಪೆನ್ಸಿಲ್ಲುಗಳು, ಕಿಟಕಿಯಲ್ಲಿ ಒಣಗುತ್ತಿದ್ದ ಒಂದು ಗಿಡ. ಆಕೆ ಅಮ್ಮನ ವಯಸ್ಸಿನವರು, ಅಮ್ಮ ಇದ್ದಿದ್ದರೆ. ಲಾಂಡ್ರಿಯ ಬಗ್ಗೆ ಕೇಳಿದರು, ಹೇಳಿದೆ. ಕೋಣೆಯ ಬಗ್ಗೆ ಕೇಳಿದರು, ಹೇಳಿದೆ. ತಂಗಿ ಶಾಲೆಯಿಂದ ಬಂದಾಗ ಯಾರಿರುತ್ತಾರೆ ಎಂದು ಕೇಳಿದರು, ಅಜ್ಜಿಯ ಪಾಳಿಯನ್ನೂ ನನ್ನ ಪಾಳಿಯನ್ನೂ ವಿವರಿಸಿದೆ. ಆಕೆಗೆ ನಾನು ಇಷ್ಟವಾದೆ. ಅದು ನನಗೆ ಕಾಣುತ್ತಿತ್ತು.

ಆಮೇಲೆ ಆಕೆ ಕನ್ನಡಕ ತೆಗೆದಿಟ್ಟು ಮುಂದೆ ಬಾಗಿದರು.

"ನಿನ್ನ ತಂಗಿ ಬಗ್ಗೆ, ಆ ಮನೆ ಬಗ್ಗೆ ಇನ್ನೇನಾದ್ರೂ ಹೇಳೋದಿದ್ಯಾ? ಹೆದರ್ಬೇಡಮ್ಮ, ನಿಜ ಹೇಳು."

ನಾಲಿಗೆಯ ತುದಿಯಲ್ಲೇ ಇತ್ತು. ಏಳು ದಿನ ಹೇಳಿದ ಮಾತು, ಅದೂ ಗಂಟಲು ಹರಿಯುವಂತೆ. ಆದರೆ ಆ ದನಿ ಕಿವಿಗೆ ಬಿದ್ದದ್ದೇ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಹೆಗಲ ಮೇಲೆ ಯಾರೋ ಕೈಯಿಟ್ಟಂತಾಯಿತು. ಕಾರು ಕಂಡಿತು, ಹಿಂದಿನ ಸೀಟು ಕಂಡಿತು, ನನ್ನ ಜಾಗದಲ್ಲಿ ಚೀಲ ಎಳೆದಿಟ್ಟುಕೊಳ್ಳುತ್ತಿದ್ದ ಪುಟ್ಟ ಕೈ ಕಂಡಿತು. ಬಾಯಿ ನಕ್ಕಿತು. ಹಲ್ಲು ಕಿರಿಯಲಿಲ್ಲ, ನೆಲ ನೋಡಲಿಲ್ಲ.

"ಏನಿಲ್ಲ ಮೇಡಂ. ಎಲ್ಲ ಚೆನ್ನಾಗಿದೆ" ಎಂದೆ.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗಲೇ ನಾನು ಏನು ಮಾಡಿದೆನೆಂದು ತಿಳಿದದ್ದು. ಎದ್ದು ಬಾಗಿಲ ಹತ್ತಿರ ಓಡಿದೆ. ಜವಾನ ಅಡ್ಡ ನಿಂತ, ಮಗು ಒಳಗಿದೆ, ಈಗ ಯಾರನ್ನೂ ಬಿಡುವಂತಿಲ್ಲ ಎಂದ. ಎದುರು ಬೆಂಚಿನಲ್ಲಿ ಚಿಟಿಕೆಯ ಸಾಕುತಾಯಿ ಒಂದು ಮಗುವಿಗೆ ಬಾಟಲಿ ಹಿಡಿದು ಕೂತಿದ್ದಳು, ಇನ್ನೊಂದು ಗಂಡನ ಹೆಗಲ ಮೇಲೆ ನಿದ್ದೆ ಹೋಗಿತ್ತು. ನೋಡಿದರೆ ಯಾರೂ ಕೆಟ್ಟವಳು ಎನ್ನುವಂತಿರಲಿಲ್ಲ. ಸುಸ್ತಾದ ಹೆಂಗಸು, ಅಷ್ಟೇ. ಅವಳ ಮೇಲೆ ಹರಿಹಾಯಲೂ ನನಗೆ ಮುಖವಿರಲಿಲ್ಲ. ಜವಾನನ ಕೈಯಲ್ಲಿ ಒಂದು ಚೀಟಿಯಾದರೂ ಕಳಿಸೋಣವೆಂದು ಪಕ್ಕದಲ್ಲಿದ್ದ ಕೇಸಿನ ಮೇಡಂ ಕೈಯಿಂದ ಪೆನ್ನು ಕಿತ್ತುಕೊಂಡೆ. ಏನು ಬರೆಯಲಿ, ಎಲ್ಲಿಂದ ಶುರು ಮಾಡಲಿ ಎನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಚಿಟಿಕೆಯನ್ನು ಪುಸ್ತಕದ ಹೆಂಗಸು ಇನ್ನೊಂದು ಕೋಣೆಗೆ ಕರೆದುಕೊಂಡು ಹೋದಳು, ನಮ್ಮನ್ನು ಒಳಗೆ ಕರೆದರು.

ನ್ಯಾಯಾಧೀಶೆ ಬರೆದಿಟ್ಟದ್ದನ್ನು ಓದಿದರು. ಮಗು ಹಿಂಜರಿಯದೆ, ಸ್ಪಷ್ಟವಾಗಿ, ಕೇಳಿದಾಗಲೆಲ್ಲ ಈಗಿರುವ ಮನೆಯಲ್ಲೇ ಇರುವುದಾಗಿ ಹೇಳಿದೆ. ಅಕ್ಕನ ಮೇಲೆ ಪ್ರೀತಿ ಇದೆ. ಆದರೂ ಮಗುವಿನ ಇಷ್ಟವನ್ನು ಮೀರಿ ಹೋಗಲು ಕಾರಣ ಕಾಣುವುದಿಲ್ಲ. ಅಲ್ಲಿಗೆ ನಾನು ಎದ್ದು ನಿಂತೆ. ಆಟ, ಆರು ಪ್ರಶ್ನೆ, ಮಿಠಾಯಿ, ಬಾಲ್ಕನಿ, ಮಣಿಕಟ್ಟು, ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಹಿಂದುಮುಂದಾಗಿ, ಅಳುತ್ತ ಹೇಳಿದೆ. ಸಾಕುತಾಯಿ ಮೆಲ್ಲಗೆ, ಪಾಪ, ಅವಳಿಗೂ ಸಂಕಟ ಇರುತ್ತೆ ಎಂದಳು. ಮಣಿಕಟ್ಟಿನ ಗುರುತು ಹಾಲು ಉಕ್ಕಿದಾಗ ಆದದ್ದು, ಆಸ್ಪತ್ರೆಗೆ ತೋರಿಸಿದ್ದೇವೆ ಎಂದ ಅವಳ ಗಂಡ. ಕೇಸಿನ ಮೇಡಂ ತಲೆ ತಗ್ಗಿಸಿ ಕೂತಿದ್ದರು.

ನ್ಯಾಯಾಧೀಶೆ ಓದುತ್ತಿದ್ದ ಕಾಗದವನ್ನು ಕೆಳಗಿಟ್ಟರು. ಆಕೆಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬೆಳಿಗ್ಗೆ ನಾನು ಕೇಳಿದ್ನಲ್ಲಮ್ಮ" ಎಂದರು. "ಆಗ ಎಲ್ಲ ಚೆನ್ನಾಗಿದೆ ಅಂದೆ. ಈಗ ತೀರ್ಮಾನ ನಿನ್ನ ಕಡೆ ಬರ್ಲಿಲ್ಲ ಅಂತ ಹೀಗಂತೀಯ. ನಾನು ಯಾವುದನ್ನ ನಂಬ್ಲಿ?"

ಆಕೆ ಪೆನ್ನು ಎತ್ತಿಕೊಂಡರು. ಹೊಸ ಊರಿನ ಕಚೇರಿಯವರು ಆ ಮನೆಗೆ ಹೋಗಿ ನೋಡಲಿ ಎಂದು ಒಂದು ಸಾಲು ಸೇರಿಸಿದರು, ವರ್ಷದ ನಂತರ ನಾನು ಮತ್ತೆ ಅರ್ಜಿ ಹಾಕಬಹುದು ಎಂದು ಇನ್ನೊಂದು ಸಾಲು. ನೋಡಲು ಯಾರು ಹೋಗುತ್ತಾರೆ, ಹೋದರೆ ಏನು ಕೇಳುತ್ತಾರೆ, ಚಿಟಿಕೆ ಏನು ಹೇಳುತ್ತಾಳೆ, ಎಲ್ಲ ನನಗೆ ಗೊತ್ತಿತ್ತು. ನಾಲ್ಕನೇ ದಿನ ಅವರ ರೈಲು.

ಹೊರಗಿನ ಪಡಸಾಲೆಯಲ್ಲಿ ಚಿಟಿಕೆ ಕಾಯುತ್ತಿದ್ದಳು. ನನ್ನನ್ನು ಕಂಡದ್ದೇ ಓಡಿಬಂದಳು. ಕೆನ್ನೆ ಕೆಂಪಾಗಿತ್ತು, ಮುಖದ ತುಂಬ ನಗು.

"ಒಂದೂ ತಪ್ಪಲಿಲ್ಲ ಅಕ್ಕ. ಆರನೇದನ್ನ ಮೂರು ಸಲ ಕೇಳಿದ್ರು. ಮೂರು ಸಲಾನೂ ಸರಿಯಾಗಿ ಹೇಳ್ದೆ."

ಅಂಗೈ ಚಾಚಿದಳು. ಜೇಬಿನಿಂದ ಮಿಠಾಯಿ ತೆಗೆದು ಕೊಟ್ಟೆ. ಕೊಡದೆ ಇನ್ನೇನು ಮಾಡಲಿ? ಕಲಿಸಿದ್ದಕ್ಕೆ ಸರಿಯಾಗಿ ಹೇಳಿದ್ದಾಳೆ. ಕಾಗದ ಬಿಚ್ಚಿ ಬಾಯಿಗೆ ಹಾಕಿಕೊಂಡವಳು ಬೆಂಚಿನ ಪಕ್ಕದ ನೀಲಿ ಚೀಲವನ್ನು ನೋಡಿದಳು. ಅದರ ಹಿಡಿಯನ್ನು ಮೇಲಕ್ಕೆಳೆದಳು, ಕೆಳಕ್ಕೊತ್ತಿದಳು.

"ಇದು ನಂಗಾ? ಆಂಟಿ ಫೋನಲ್ಲಿ ಹೇಳ್ತಾ ಇದ್ರು, ನೀನು ನನ್ನನ್ನ ಕೇಳ್ತಾ ಇದೀಯ ಅಂತ. ನಂಗೆ ಗೊತ್ತಿತ್ತು. ಆಟ ಆಡಿಸ್ತಾ ಇದ್ದಿದ್ದು ಇದಕ್ಕೇ ತಾನೆ? ಈಗ ಹೋಗೋಣ್ವಾ?"

ನಾನು ಅವಳ ಮುಂದೆ ಮೊಣಕಾಲೂರಿ ಕೂತೆ. ನಿಜ ಹೇಳಬೇಕಿತ್ತು. ಜೀವಮಾನದಲ್ಲಿ ಒಂದು ಸಲವಾದರೂ, ಅವಳಿಗಾದರೂ. ಬಿಗಿಯಾಗಿಯೇ ಇದ್ದ ಅವಳ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದೆ. ಅಷ್ಟರಲ್ಲಿ ಸಾಕುತಾಯಿ ಬಂದು, ಓ, ಚೀಲ ಚೆನ್ನಾಗಿದೆ, ದಾರಿಗೆ ಅನುಕೂಲವಾಯಿತು ಎನ್ನುತ್ತ ಹಿಡಿಗೆ ಕೈ ಹಾಕಿದಳು. ಎಳೆ ಮಗುವನ್ನು ಚಿಟಿಕೆಯ ಕಡೆ ನೀಡಿದಳು, ಹಿಡಿದುಕೋ ಎಂದು.

ಚಿಟಿಕೆ ಆಕೆಯನ್ನು ನೋಡಿದಳು. ಚೀಲ ನೋಡಿದಳು. ನನ್ನ ಮುಖ ನೋಡಿದಳು. ಅಳಲಿಲ್ಲ. ನಾನು ಕಲಿಸಿದ ಹುಡುಗಿ ಅವಳು. ಬಾಯಿಂದ ಮಿಠಾಯಿಯನ್ನು ತೆಗೆದು, ಕಾಗದದಲ್ಲಿ ಜೋಪಾನವಾಗಿ ಸುತ್ತಿ, ಬಗ್ಗಿ ಕಾಲುಚೀಲದೊಳಗೆ ಇಟ್ಟುಕೊಂಡಳು. ಆಮೇಲೆ ಮಗುವನ್ನು ಎತ್ತಿಕೊಂಡಳು.